ಎರಡು ಬಾಣಲೆ, ಇನ್ನೂರು ಗಾಜಿನ ಸ್ಲೈಡು: ಹಳೆಯ ಖಗೋಳ ಚಿತ್ರಗಳ ಪ್ರತಿ ತೆಗೆದ ನನ್ನ ಅನುಭವ

ನೂರು ವರ್ಷ ಹಳೆಯ ಲ್ಯಾಂಟರ್ನ್ ಸ್ಲೈಡುಗಳನ್ನು (ದೀಪದ ಬೆಳಕಿನಿಂದ ಪರದೆಯ ಮೇಲೆ ತೋರಿಸುವ ಗಾಜಿನ ಚಿತ್ರಗಳನ್ನು) ಸ್ಕ್ಯಾನರ್ ಇಲ್ಲದೆ, ನಾನೇ ಕಟ್ಟಿದ ಬೆಳಕಿನ ಗೋಳದ ಮೇಲಿಟ್ಟು ಕ್ಯಾಮೆರಾದಿಂದಲೇ ಪ್ರತಿ ತೆಗೆಯುತ್ತೇನೆ ಎಂದಾಗ ನಮ್ಮ ಸ್ಟುಡಿಯೋ ವೃತ್ತಿಯವರಲ್ಲಿ ಒಬ್ಬರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಈಗ ಇನ್ನೂರರ ಹತ್ತಿರದ ಸ್ಲೈಡುಗಳ ಕೆಲಸ ಮುಗಿದಿದೆ, ಹಣವೂ ಕೈಸೇರಿದೆ, ಅಂದು ನಕ್ಕವರಲ್ಲಿ ಮೂರ್ನಾಲ್ಕು ಮಂದಿ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆಗೇ ಬರೆದುಬಿಡುವುದು ಒಳ್ಳೆಯದೆಂದು ತೋರಿತು.

ಸ್ಲೈಡುಗಳು ಮಲೆನಾಡಿನ ಒಂದು ಹಳೆಯ ಕಾಲೇಜಿನ ಭೌತಶಾಸ್ತ್ರ ವಿಭಾಗದವು. ಎಲ್ಲವೂ ಮೂರೂಕಾಲು ಇಂಚಿನ ಚೌಕ, ಅಂಚಿಗೆ ಕಪ್ಪು ಕಾಗದದ ಪಟ್ಟಿ, ಚಿತ್ರದ ಮೇಲೆ ಇನ್ನೊಂದು ಗಾಜಿನ ಹೊದಿಕೆ. ವಿಲಿಯಂ ಹರ್ಷೆಲ್‌ನ ನಲವತ್ತು ಅಡಿ ದೂರದರ್ಶಕದ ಕೆತ್ತನೆ ಚಿತ್ರ, ಐರ್ಲೆಂಡಿನ ಬರ್ ಕೋಟೆಯಲ್ಲಿ ಎರಡು ಗೋಡೆಗಳ ನಡುವೆ ತೂಗುಹಾಕಿದ ಲಾರ್ಡ್ ರಾಸ್‌ನ 1845ರ ಆರಡಿ ದರ್ಪಣದ ದೂರದರ್ಶಕ, ಅದರಲ್ಲಿ ನೋಡಿ ಅವನು ಬರೆದ ಸುರುಳಿ ನೀಹಾರಿಕೆ, ಅಮೆರಿಕದ ಯರ್ಕಿಸ್ ವೀಕ್ಷಣಾಲಯದ ನಲವತ್ತು ಇಂಚಿನ ಮಸೂರದ ದೂರದರ್ಶಕ, ಡೇವಿಡ್ ಗಿಲ್ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ತೆಗೆಸಿದ 1882ರ ಮಹಾ ಧೂಮಕೇತು, ಐಸಾಕ್ ರಾಬರ್ಟ್ಸ್ 1888ರಲ್ಲಿ ತೆಗೆದ ಆಂಡ್ರೊಮೆಡಾ ಗೆಲಾಕ್ಸಿ, ಚಂದ್ರನ ಚಿತ್ರಗಳಂತೂ ಲೆಕ್ಕವಿಲ್ಲದಷ್ಟು. ಮಳೆಗಾಲದ ತೇವಕ್ಕೆ ಕಾಲು ಭಾಗದಷ್ಟಕ್ಕೆ ಬೂಷ್ಟು ಹಿಡಿದಿತ್ತು.

ಬೆಂಗಳೂರಿನ ಒಂದು ಸಂಸ್ಥೆ ಸ್ಲೈಡೊಂದಕ್ಕೆ ಮುನ್ನೂರೈವತ್ತು ರೂಪಾಯಿಯಂತೆ ದರ ಹೇಳಿತ್ತು. ಸಾಗಣೆ ಮತ್ತು ವಿಮೆ ಬೇರೆ. ಕಾಲೇಜಿನವರ ಬಳಿ ಇದ್ದದ್ದು ಹೆಚ್ಚೆಂದರೆ ಮೂವತ್ತು ಸಾವಿರ. ಮೊದಲು ಗೆಳೆಯರೊಬ್ಬರ ಫ್ಲಾಟ್‌ಬೆಡ್ ಸ್ಕ್ಯಾನರನ್ನು ವಾರಕ್ಕೆ ಎರಡು ಸಾವಿರದಂತೆ ಬಾಡಿಗೆಗೆ ತಂದೆ. ಗಾಜಿನ ಮೇಲೆ ಗಾಜು ಕುಳಿತು ಕಾಮನಬಿಲ್ಲಿನ ಉಂಗುರಗಳು ಮೂಡಿದವು. ಉಂಗುರ ತಪ್ಪಿಸಲು ಸ್ಲೈಡನ್ನು ಸ್ವಲ್ಪ ಎತ್ತಿಟ್ಟರೆ ಫೋಕಸ್ ಹೋಯಿತು. ಚಿತ್ರದ ಪದರ ಎರಡು ಗಾಜುಗಳ ನಡುವೆ ಇರುವುದರಿಂದ ಅದು ಮೊದಲೇ ಒಂದು ಮಿಲಿಮೀಟರಿನಷ್ಟು ದೂರದಲ್ಲಿರುತ್ತದೆ, ಆ ಸ್ಕ್ಯಾನರಿನ ಫೋಕಸ್ ಬದಲಾಯಿಸಲು ಬರುವುದಿಲ್ಲ. ದೂಳು ತೆಗೆಯುವ ಅವಗೆಂಪು (ಇನ್‌ಫ್ರಾರೆಡ್) ಸೌಲಭ್ಯವೂ ಇಲ್ಲಿ ನಿರುಪಯೋಗಿ: ಚಿತ್ರ ಮೂಡಿಸಿರುವ ಬೆಳ್ಳಿಯ ಕಣಗಳೇ ಅವಗೆಂಪು ಬೆಳಕನ್ನು ತಡೆಯುವುದರಿಂದ ಇಡೀ ಚಿತ್ರವನ್ನೇ ಅದು ದೂಳೆಂದು ತಿಳಿಯುತ್ತದೆ. ಬಾಡಿಗೆಯ ಹಣ ಹೋಯಿತು.

ಆಮೇಲೆ ಫಾಲ್ಸ್ ಸೀಲಿಂಗಿಗೆ ಹಾಕುವ ಎಲ್‌ಇಡಿ ಪ್ಯಾನೆಲ್. ಅದರ ಬೆಳಕು ಮೂಲೆಗಳಲ್ಲಿ ಅರ್ಧ ಸ್ಟಾಪಿನಷ್ಟು (ಒಂದು ಸ್ಟಾಪೆಂದರೆ ಬೆಳಕು ಅರ್ಧಕ್ಕಿಳಿಯುವುದು ಇಲ್ಲವೇ ಎರಡರಷ್ಟಾಗುವುದು) ಕಡಿಮೆಯಿತ್ತು, ಶಟರ್ ವೇಗ ಸ್ವಲ್ಪ ಹೆಚ್ಚಿಸಿದರೆ ಚಿತ್ರದ ತುಂಬ ಅಡ್ಡಪಟ್ಟಿ ಬೀಳುತ್ತಿತ್ತು. ಮೂಲೆಯ ಕೊರತೆಯನ್ನು ಫ್ಲಾಟ್ ಫ್ರೇಮಿನಿಂದ (ಸ್ಲೈಡಿಲ್ಲದೆ ಬರೀ ಬೆಳಕನ್ನೇ ತೆಗೆದ ಫೋಟೋದಿಂದ) ಭಾಗಿಸಿ ಸರಿಪಡಿಸಬಹುದಲ್ಲ ಎಂದು ನೀವು ಕೇಳಬಹುದು. ಸರಿಪಡಿಸಬಹುದು, ಆದರೆ ಗಾಜಿನ ಗೀರುಗಳನ್ನು ಭಾಗಿಸಿ ತೆಗೆಯಲಾಗದು. ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಿಂದ ಬಂದಾಗ ಪ್ರತಿ ಗೀರೂ ಎದ್ದು ಕಾಣುತ್ತದೆ, ಬೆಳ್ಳಿಯ ದಟ್ಟ ಭಾಗಗಳು ಇರುವುದಕ್ಕಿಂತ ಕಪ್ಪಾಗಿ ತೋರುತ್ತವೆ. ನೇರ ಬೆಳಕಿನ ಕಂಡೆನ್ಸರ್ ಎನ್ಲಾರ್ಜರಿನಲ್ಲೂ (ನೆಗೆಟಿವನ್ನು ಹಿಗ್ಗಿಸಿ ಮುದ್ರಿಸುವ ಯಂತ್ರ) ಚದುರಿದ ಬೆಳಕಿನ ಡಿಫ್ಯೂಷನ್ ಎನ್ಲಾರ್ಜರಿನಲ್ಲೂ ಕೆಲಸ ಮಾಡಿದ ಹಳಬರಿಗೆ ಈ ವ್ಯತ್ಯಾಸ ಗೊತ್ತು.

ದಾರಿ ತೋರಿಸಿದ್ದು ಕೊಡೈಕನಾಲ್. ಅಲ್ಲಿನ ಸೌರ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಫೋಟೋಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಯುತ್ತ ಬಂದರು. ಸೂರ್ಯಕಲೆಗಳಲ್ಲಿ ಅನಿಲವು ನಡುವಿನಿಂದ ಹೊರಕ್ಕೆ ಹರಿಯುವುದನ್ನು ಜಾನ್ ಎವರ್ಶೆಡ್ 1909ರಲ್ಲಿ ಕಂಡುಹಿಡಿದದ್ದೂ ಅಲ್ಲಿಯೇ. ಆ ಫಲಕಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಡಿಜಿಟಲ್‌ಗೆ ತರುವಾಗ ಬಳಸಿದ್ದು ಮಾರುಕಟ್ಟೆಯ ಸ್ಕ್ಯಾನರನ್ನಲ್ಲ. ಒಳಮೈ ಬೆಳ್ಳಗಿರುವ ಒಂದು ಮೀಟರ್ ವ್ಯಾಸದ ಗೋಳ, ಅದರ ಕಿಂಡಿಯ ಮೇಲೆ ಫಲಕ, ಎದುರಿಗೆ 4096×4096 ಬಿಂದುಗಳ ಸಿಸಿಡಿ ಕ್ಯಾಮೆರಾ. ಗೋಳದೊಳಗೆ ಬೆಳಕು ನೂರು ಕಡೆ ಬಡಿದು ಹೊರಬರುವುದರಿಂದ ಕಿಂಡಿಯಲ್ಲಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾಗಿರುತ್ತದೆ. ಇದನ್ನು ಓದಿದ ಮೇಲೆ ಕ್ಯಾಮೆರಾದಿಂದ ಆಗದು ಎಂಬ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಒಂದು ಮೀಟರಿನ ಗೋಳ ನನಗೆ ಬೇಕಿರಲಿಲ್ಲ. ಕಿಂಡಿಯ ವಿಸ್ತೀರ್ಣ ಒಳಮೈಯ ಶೇಕಡ ಐದಕ್ಕಿಂತ ಕಡಿಮೆ ಇದ್ದರೆ ಸಾಕು. ನನ್ನ ಕಿಂಡಿ ನಾಲ್ಕು ಇಂಚಿನದು, ಆದ್ದರಿಂದ ಹದಿನೆಂಟು ಇಂಚಿನ ಗೋಳ ಧಾರಾಳವಾಯಿತು. ಮದುವೆ ಅಡುಗೆಯವರೊಬ್ಬರು ಮಾರಿದ ಎರಡು ಅಲ್ಯೂಮಿನಿಯಂ ಬಾಣಲೆಗಳನ್ನು ಎರಡೂವರೆ ಸಾವಿರಕ್ಕೆ ತಂದು, ಬಾಯಿಗೆ ಬಾಯಿ ಕೂಡಿಸಿ, ಹಿಡಿಕೆಗಳಿಗೇ ಬೋಲ್ಟ್ ಹಾಕಿ ಬಿಗಿದೆ. ಬಾಣಲೆ ಪೂರ್ತಿ ಅರ್ಧಗೋಳವಲ್ಲ, ಸ್ವಲ್ಪ ಚಪ್ಪಟೆ, ಅದರಿಂದ ತೊಂದರೆಯಾಗಲಿಲ್ಲ. ಮೇಲಿನ ಬಾಣಲೆಯ ತಳಕ್ಕೆ ಲೇತ್ ಅಂಗಡಿಯಲ್ಲಿ ಕಿಂಡಿ ಕೊರೆಸಿದೆ. ಎಣ್ಣೆ ಕರಕಲು ಹೋಗುವವರೆಗೆ ಒಳಮೈಯನ್ನು ಬಫ್ ಮಾಡಿಸಲೇಬೇಕು, ಇಲ್ಲದಿದ್ದರೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬಣ್ಣ. ಗೋಡೆಯ ಬಿಳಿ ಡಿಸ್ಟೆಂಪರ್ ಕಣ್ಣಿಗೆ ಬಿಳಿಯಾಗಿದ್ದರೂ ಕ್ಯಾಮೆರಾಕ್ಕೆ ಹಳದಿ. ಆಯಿಲ್ ಪೇಂಟ್ ಹೊಳೆಯುತ್ತದೆ, ಹೊಳಪು ಬಂದರೆ ಗೋಳದ ಕೆಲಸವೇ ಕೆಟ್ಟಂತೆ. ಕೊನೆಗೆ ರಾಸಾಯನಿಕದ ಅಂಗಡಿಯಿಂದ ಬೇರಿಯಂ ಸಲ್ಫೇಟ್ ಎಂಬ ಬಿಳಿ ಪುಡಿ ತಂದು, ನೀರಿನಲ್ಲಿ ಕಲಸಿ, ಮರಗೆಲಸದ ಬಿಳಿ ಅಂಟು ಸೇರಿಸಿ, ಗ್ಯಾರೇಜಿನವರ ಸ್ಪ್ರೇ ಗನ್ನಿನಿಂದ ತೆಳುವಾಗಿ ಹೊಡೆಸಿದೆ. ಅಂಟು ಕಡಿಮೆಯಾದಾಗ ಪದರ ಉದುರಿ ದೀಪದ ಮೇಲೆ ಹಿಟ್ಟು ಬಿತ್ತು, ಹೆಚ್ಚಾದಾಗ ಹೊಳಪು ಬಂತು. ಆಷಾಢದಲ್ಲಿ ಹೊಡೆದ ಪದರ ಒಣಗಲೇ ಇಲ್ಲ, ಪೂರ್ತಿ ಕೆರೆದು ತೆಗೆಯಬೇಕಾಯಿತು. ಈ ಬಣ್ಣಕ್ಕೇ ನಾಲ್ಕು ಸಾವಿರದಷ್ಟು ಖರ್ಚಾಗಿರಬೇಕು, ಅರ್ಧ ಮಳೆಗಾಲವೂ ಹೋಯಿತು. ಸರಿಹೊಂದಿದ ಅಂಟಿನ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅಂಗಡಿಯ ಗುಟ್ಟು. ಕೆಳಗೆ ಲೋಹಕ್ಕೆ ಬಣ್ಣ ಕಚ್ಚಿಕೊಳ್ಳುವಂತೆ ಮಾಡುವ ಎಚ್ (etch) ಪ್ರೈಮರ್ ಬೇಕು, ಪದರಗಳು ಆರಕ್ಕಿಂತ ಹೆಚ್ಚು ಬೇಕು ಎನ್ನುವಷ್ಟನ್ನು ಮಾತ್ರ ಹೇಳಬಲ್ಲೆ.

ದೀಪಕ್ಕೆ ಹನ್ನೆರಡು ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಕೆಳಗಿನ ಬಾಣಲೆಯ ಅಂಚಿನ ಸುತ್ತ ಅಂಟಿಸಿ, ಅದರ ನೇರ ಬೆಳಕು ಕಿಂಡಿಗೆ ಬೀಳದಂತೆ ಅದೇ ಬಣ್ಣ ಬಳಿದ ತಗಡಿನ ಮರೆ ಕೊಟ್ಟಿದ್ದೇನೆ. ವಿದ್ಯುತ್ತನ್ನು ಅಡಾಪ್ಟರಿನಿಂದ ತೆಗೆದುಕೊಳ್ಳದೆ ಬೈಕಿನ ಬ್ಯಾಟರಿಯಿಂದ ತೆಗೆದುಕೊಂಡಾಗ ಅಡ್ಡಪಟ್ಟಿಗಳ ಕಾಟ ಒಮ್ಮೆಗೇ ನಿಂತಿತು, ಮಲೆನಾಡಿನ ಕರೆಂಟಿನ ಚಿಂತೆಯೂ ತಪ್ಪಿತು. ಖಾಲಿ ಕಿಂಡಿಯ ಫೋಟೋ ತೆಗೆದು ನೋಡಿದರೆ ನಡುವಿಗೂ ಮೂಲೆಗೂ ಶೇಕಡ ಎರಡು ಮೂರರಷ್ಟು ವ್ಯತ್ಯಾಸ ಮಾತ್ರ, ಅದರಲ್ಲೂ ಹೆಚ್ಚಿನದು ಲೆನ್ಸಿನದು. ನಕ್ಕವರ ಬಾಯಿ ಮುಚ್ಚಿಸಿದ್ದು ಈ ಫೋಟೋ.

ಕ್ಯಾಮೆರಾದ ಕಡೆಯ ಕೆಲಸ ಸುಲಭ. ಕತ್ತಲೆಕೋಣೆಯ ಹಳೆಯ ಎನ್ಲಾರ್ಜರಿನ ತಲೆ ತೆಗೆದು ಆ ಕಂಬಕ್ಕೇ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲಿನ ಕ್ಯಾಮೆರಾ, ಬೆಲ್ಲೋಸ್ (ಹಿಗ್ಗಿಸಿ ಕುಗ್ಗಿಸಬಹುದಾದ ಮಡಿಕೆಯ ಕೊಳವೆ), ಎಂಬತ್ತು ಮಿಲಿಮೀಟರಿನ ಎನ್ಲಾರ್ಜಿಂಗ್ ಲೆನ್ಸ್ ಕಟ್ಟಿದೆ. ಸ್ಲೈಡಿನ ಜಾಗದಲ್ಲಿ ಕನ್ನಡಿ ಇಟ್ಟು, ಲೆನ್ಸು ತನ್ನದೇ ಪ್ರತಿಬಿಂಬದ ನಟ್ಟನಡುವೆ ಕಾಣುವಂತೆ ಮಾಡಿದರೆ ಎಲ್ಲವೂ ಸಮಾಂತರ. ಕ್ಯಾಮೆರಾ ಅಲುಗದಂತಿರಿಸಿ ಸ್ಲೈಡನ್ನೇ ಮರದ ಪಟ್ಟಿಗಳ ನಡುವೆ ಸರಿಸಿ ನಾಲ್ಕು ಭಾಗಗಳಲ್ಲಿ ತೆಗೆಯುತ್ತೇನೆ, ಪ್ರತಿ ಭಾಗಕ್ಕೆ ಎರಡೆರಡು ಸ್ಟಾಪಿನ ಅಂತರದಲ್ಲಿ ಮೂರು ಎಕ್ಸ್‌ಪೋಷರ್. ಜೋಡಿಸಿದಾಗ ಇಂಚಿಗೆ 2400 ಬಿಂದುಗಳ ಆಸುಪಾಸು ಸಿಗುತ್ತದೆ. ಚಿತ್ರದ ಹೊರಗಿನ ಬೆಳಕನ್ನೆಲ್ಲ ಕಪ್ಪು ಕಾಗದದಿಂದ ಮುಚ್ಚುವುದನ್ನು ಬಹಳ ಮಂದಿ ಮರೆಯುತ್ತಾರೆ. ಮುಚ್ಚದಿದ್ದರೆ ಲೆನ್ಸಿನೊಳಗೆ ಬೆಳಕು ಚದುರಿ ನೆರಳಿನ ಭಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಯರ್ಕಿಸ್ ಸ್ಲೈಡಿನಲ್ಲಿ ಇದರ ಪರಿಣಾಮ ಕಣ್ಣಾರೆ ಕಂಡೆ. ಮುಚ್ಚುವ ಮೊದಲು ಗುಮ್ಮಟದ ಕೆಳಭಾಗವೆಲ್ಲ ಒಂದೇ ಬೂದು ಮುದ್ದೆ. ಮುಚ್ಚಿ, ದೀರ್ಘ ಎಕ್ಸ್‌ಪೋಷರನ್ನು ಸೇರಿಸಿದ ಮೇಲೆ ಲಿಫ್ಟಿನಂತೆ ಏರಿಳಿಯುವ ಆ ನೆಲದ ಅಂಚಿನ ಕಟಕಟೆ ಸರಳು ಸರಳಾಗಿ ಬಿಡಿಸಿಕೊಂಡಿತು, ಕಣ್ಣಿಡುವ ತುದಿಯ ಕೈಚಕ್ರಗಳ ಅರಗಳನ್ನೂ ಎಣಿಸಬಹುದಿತ್ತು.

ನಕ್ಷತ್ರಗಳ ಚಿತ್ರಗಳು ಬೇರೆಯೇ ಜಾತಿಯವು. ಮದುವೆಯ ಹಳೆಯ ಫೋಟೋಕ್ಕೆ ಬಳಸುವ ದೂಳು ತೆಗೆಯುವ ಸಾಫ್ಟ್‌ವೇರನ್ನು ಆಂಡ್ರೊಮೆಡಾ ಸ್ಲೈಡಿನ ಮೇಲೆ ಓಡಿಸಿದರೆ ಅದು ಮೊದಲು ನುಂಗುವುದು ನಕ್ಷತ್ರಗಳನ್ನೇ. ಬಿಳಿ ಚುಕ್ಕೆ ನಕ್ಷತ್ರವೋ, ಚಿತ್ರದ ಪದರದಲ್ಲಿ ಬೂಷ್ಟು ತಿಂದ ತೂತೋ, ಕಪ್ಪು ಚುಕ್ಕೆ ಮೇಲಿನ ಗಾಜಿನ ದೂಳೋ ಎಂದು ಒಂದೊಂದಾಗಿ ನಿರ್ಧರಿಸಬೇಕು. ಲೆನ್ಸನ್ನು ಎಫ್ 4ಕ್ಕೆ ತೆರೆದು ಒಮ್ಮೆ ಚಿತ್ರದ ಪದರಕ್ಕೆ, ಇನ್ನೊಮ್ಮೆ ಒಂದು ಮಿಲಿಮೀಟರ್ ಮೇಲಕ್ಕೆ ಫೋಕಸ್ ಮಾಡಿ ಎರಡು ಫೋಟೋ ತೆಗೆದರೆ ಹೊದಿಕೆ ಗಾಜಿನ ಮೇಲಿನದೆಲ್ಲ ಎರಡನೆಯದರಲ್ಲಿ ಚೂಪಾಗಿ ಬಂದು ಸಿಕ್ಕಿಬೀಳುತ್ತದೆ. ಬೂಷ್ಟಿನ ತೂತು ದುಂಡಗಿರುವುದಿಲ್ಲ, ಅಂಚಿನಲ್ಲಿ ಎಳೆಗಳಿರುತ್ತವೆ. ಆಮೇಲೂ ಉಳಿದ ಸಂಶಯಕ್ಕೆ ಇಂದಿನ ಆಕಾಶ ನಕ್ಷೆಯ ಜೊತೆ ಹೋಲಿಸುವುದೊಂದೇ ದಾರಿ. ಗಿಲ್‌ನ ಧೂಮಕೇತುವಿನ ಚಿತ್ರದಲ್ಲಿ ಹಿನ್ನೆಲೆಯ ನಕ್ಷತ್ರಗಳೇ ಮುಖ್ಯ. ಫೋಟೋದಿಂದ ಆಕಾಶದ ನಕ್ಷೆ ಮಾಡಬಹುದೆಂಬ ವಿಚಾರ ಬಲಗೊಂಡದ್ದು ಅವುಗಳನ್ನು ಕಂಡು, 1887ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾಗಿ ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವೂ ಪಾಲ್ಗೊಂಡ ಮಹಾ ನಕ್ಷೆಯ ಯೋಜನೆಗೆ ಅದೇ ಬೀಜ. ಅಂಥ ಚಿತ್ರವನ್ನು ಅಂದಗಾಣಿಸಲು ಹೋಗಿ ನಕ್ಷತ್ರ ಅಳಿಸಿದರೆ ಪ್ರತಿ ತೆಗೆದೂ ವ್ಯರ್ಥ.

ಚಂದ್ರನ ಸ್ಲೈಡುಗಳಲ್ಲಿ ದಿಕ್ಕಿನ ತಗಾದೆ ಇರುತ್ತದೆ. ಹಳೆಯ ಖಗೋಳ ಚಿತ್ರಗಳಲ್ಲಿ ದೂರದರ್ಶಕದಲ್ಲಿ ಕಂಡಂತೆ ದಕ್ಷಿಣವನ್ನು ಮೇಲಿಡುವುದು ವಾಡಿಕೆ, ಅದನ್ನು ತಿರುಗಿಸಬೇಡಿ. ಆದರೆ ಸ್ಲೈಡು ಹಿಂದುಮುಂದಾಗಿದೆಯೇ ಎಂದು ಮಾತ್ರ ನೋಡಲೇಬೇಕು: ಕಿರಣಗಳು ಚೆಲ್ಲಿದ ಟೈಕೋ ಕುಳಿ ಮೇಲಿದ್ದಾಗ ಕ್ರೈಸಿಯಂ ಎಂಬ ಅಂಡಾಕಾರದ ಕಪ್ಪು ಮೈದಾನ ಎಡಕ್ಕಿರಬೇಕು. ಬಲಕ್ಕಿದ್ದರೆ ಗಾಜು ಮಗುಚಿದೆ. ಸ್ಲೈಡಿನ ಸರಿಯಾದ ಮೈ ಗುರುತಿಸಲು ಹಿಂದಿನವರು ಅಂಟಿಸಿದ ಬಿಳಿ ಬೊಟ್ಟನ್ನು ನಾನು ನಂಬುವುದಿಲ್ಲ; ಅದನ್ನೇ ತಪ್ಪು ಮೈಗೆ ಅಂಟಿಸಿದ್ದು ಐದಾರು ಸ್ಲೈಡುಗಳಲ್ಲಿ ಸಿಕ್ಕಿತು.

ಚಂದ್ರನ ಪೈಕಿ ಏಳೆಂಟು ಸ್ಲೈಡುಗಳು ಅತಿ ಚೂಪಾಗಿದ್ದವು, ನೆರಳುಗಳು ಶಾಯಿ ಚೆಲ್ಲಿದಂತಿದ್ದವು. ನಿವೃತ್ತ ಪ್ರಾಧ್ಯಾಪಕರೊಬ್ಬರು ಅವು ದೊಡ್ಡ ದೂರದರ್ಶಕದಲ್ಲಿ ತೆಗೆದ ಫೋಟೋಗಳೆಂದೇ ವರ್ಷಗಟ್ಟಲೆ ಪಾಠ ಮಾಡಿದ್ದರಂತೆ. ಪರದೆಯ ಮೇಲೆ ದೊಡ್ಡದು ಮಾಡಿದಾಗ ಬೆಟ್ಟಗಳ ಇಳಿಜಾರಿನಲ್ಲಿ ಉಪಕರಣದ ಗೆರೆಗಳು ಕಂಡವು. ಅವು 1874ರಲ್ಲಿ ಜೇಮ್ಸ್ ನಾಸ್ಮಿತ್ ಮತ್ತು ಜೇಮ್ಸ್ ಕಾರ್ಪೆಂಟರ್ ಪ್ರಕಟಿಸಿದ ಚಿತ್ರಗಳು: ದೂರದರ್ಶಕದಲ್ಲಿ ನೋಡಿ ಬರೆದುಕೊಂಡು, ಪ್ಲಾಸ್ಟರಿನಲ್ಲಿ ಮಾದರಿ ಮಾಡಿ, ಬಿಸಿಲಿಗೆ ಹಿಡಿದು ಫೋಟೋ ತೆಗೆದವು. ಉಗಿ ಸುತ್ತಿಗೆಯಿಂದ ಹೆಸರಾದ ಎಂಜಿನಿಯರ್ ನಾಸ್ಮಿತ್ ಇವನೇ. ಚಂದ್ರನ ಬೆಟ್ಟಗಳು ಹೀಗೆ ಹುಟ್ಟಿರಬಹುದೆಂದು ತೋರಿಸಲು ಅವನು ತೆಗೆಸಿದ ಸುಕ್ಕುಗಟ್ಟಿದ ಕೈ ಮತ್ತು ಒಣಗಿದ ಸೇಬಿನ ಚಿತ್ರವೂ ಅದೇ ಪೆಟ್ಟಿಗೆಯಲ್ಲಿತ್ತು, ‘ಸಸ್ಯಶಾಸ್ತ್ರ’ ಎಂಬ ಚೀಟಿಯ ಕೆಳಗೆ! ಪ್ರಾಧ್ಯಾಪಕರು ಚಿತ್ರ ನೋಡಿ ಮೊದಲು ಒಪ್ಪಲಿಲ್ಲ, ಆಮೇಲೆ ಮನಸಾರೆ ನಕ್ಕರು.

ನಡುವೆ ಒಂದೆರಡು ಅಡ್ಡ ಪ್ರಯೋಗಗಳೂ ನಡೆದವು. ಪೆಟ್ಟಿಗೆಯ ತಳದಲ್ಲಿ ಚಂದ್ರನ ಸ್ಟೀರಿಯೋ ಕಾರ್ಡೊಂದು ಸಿಕ್ಕಿತು. ಚಂದ್ರ ನಮ್ಮ ಕಡೆಗೆ ತೋರುವ ಮುಖ ತುಸು ತೂಗಾಡುವುದರಿಂದ, ತಿಂಗಳುಗಳ ಅಂತರದಲ್ಲಿ ಚಂದ್ರ ಒಂದೇ ಅಳತೆಗೆ ಬೆಳಗಿದ್ದಾಗ ತೆಗೆದ ಎರಡು ಫೋಟೋಗಳು ಎರಡು ಕಣ್ಣಿನ ನೋಟದಂತಾಗುತ್ತವೆ. ವಾರೆನ್ ಡಿ ಲಾ ರೂ ಇದನ್ನು 1850ರ ದಶಕದಲ್ಲೇ ಮಾಡಿದ್ದನು. ನಾನು ಅವೆರಡನ್ನು ಕೆಂಪು ಮತ್ತು ನೀಲಿ-ಹಸಿರಿನಲ್ಲಿ ಕೂಡಿಸಿ ಮುದ್ರಿಸಿದೆ, ಬಣ್ಣದ ಕನ್ನಡಕದಲ್ಲಿ ಚಂದ್ರ ಚೆಂಡಿನಂತೆ ಉಬ್ಬಿ ಬಂದನು. ಇನ್ನೊಮ್ಮೆ ಹರ್ಷೆಲ್ ದೂರದರ್ಶಕದ ಚಿತ್ರದಿಂದ ಪಾರದರ್ಶಕ ಹಾಳೆಯ ನೆಗೆಟಿವ್ ಮಾಡಿ, ಅವನ ಮಗ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ವಿಧಾನದಲ್ಲೇ ಬಿಸಿಲಿಗಿಟ್ಟು ನೀಲಿ ಪ್ರತಿ ತೆಗೆದೆ. ಆ ದೂರದರ್ಶಕವನ್ನು ಬಿಚ್ಚುವ ಮೊದಲು, 1839ರಲ್ಲಿ, ಜಾನ್ ಹರ್ಷೆಲ್ ಅದರ ಚೌಕಟ್ಟಿನ ಫೋಟೋವನ್ನು ಗಾಜಿನ ಮೇಲೆ ತೆಗೆದಿದ್ದನು. ಗಾಜಿನ ಮೇಲಿನ ಫೋಟೋಗಳಲ್ಲಿ ಅದು ತೀರ ಮೊದಲಿನವುಗಳ ಸಾಲಿನದು. ನೀಲಿ ಪ್ರತಿಗಳಲ್ಲಿ ಹತ್ತನ್ನು ಇನ್ನೂರೈವತ್ತು ರೂಪಾಯಿಯಂತೆ ಮಾರಿದೆ, ಕಾಗದ ಮತ್ತು ರಾಸಾಯನಿಕದ ಖರ್ಚು ಹುಟ್ಟಿತು.

ಲೆಕ್ಕಕ್ಕೆ ಬಂದರೆ, ಕ್ಯಾಮೆರಾ ಬಿಟ್ಟು ಉಳಿದದ್ದಕ್ಕೆಲ್ಲ ಹನ್ನೆರಡು ಹದಿಮೂರು ಸಾವಿರ ಹಿಡಿದಿದೆ. ಕಾಲೇಜಿನವರು ಇಪ್ಪತ್ತೆಂಟು ಸಾವಿರ ಕೊಟ್ಟರು. ಆಮೇಲೆ ಇನ್ನೆರಡು ಪೆಟ್ಟಿಗೆಗಳು ಬಂದಿವೆ, ಈಗ ಸ್ಲೈಡಿಗೆ ನೂರಾಅರವತ್ತು ತೆಗೆದುಕೊಳ್ಳುತ್ತೇನೆ, ದಿನಕ್ಕೆ ಇಪ್ಪತ್ತೈದರ ಮೇಲೆ ಮುಟ್ಟುವುದಿಲ್ಲ. ಮಾಸಿದ ಸ್ಲೈಡುಗಳಿಗೆ ನಾನು ಹಾಕುವ ಕರ್ವ್ (ಬೆಳಕು-ನೆರಳನ್ನು ತಿದ್ದುವ ಹೊಂದಿಕೆ) ಯಾವುದೆಂದು ಬಹಳ ಮಂದಿ ಕೇಳುತ್ತಾರೆ, ಅದನ್ನೂ ಸದ್ಯಕ್ಕೆ ಹೇಳುವುದಿಲ್ಲ. ಕೈಯಿಂದ ಬಣ್ಣ ಹಾಕಿದ ಸ್ಲೈಡುಗಳನ್ನು ಬಿಚ್ಚಿ ತೊಳೆದುಕೊಡಿ ಎಂದರೆ ಒಪ್ಪುವುದಿಲ್ಲ. ನೀರು ತಾಗಿದರೆ ಬಣ್ಣ ಹರಡುತ್ತದೆ, ಹೊರಗಾಜನ್ನು ಒಣಬಟ್ಟೆಯಿಂದ ಒರೆಸಿ ಇದ್ದಂತೆಯೇ ಪ್ರತಿ ತೆಗೆದುಕೊಡುತ್ತೇನೆ. ಹೊದಿಕೆ ಗಾಜು ಮಾತ್ರ ಒಡೆದಿದ್ದರೆ ಹೊಸದನ್ನು ಹಾಕಿ ಪಟ್ಟಿ ಕಟ್ಟಿಕೊಡಲು ಐವತ್ತು ರೂಪಾಯಿ ಹೆಚ್ಚುವರಿ, ಗಾಜನ್ನು ಅವರೇ ತಂದುಕೊಟ್ಟರೆ ಮೂವತ್ತು.