ಡೀಸೆಲ್ ಗಾಡಿ ಆಗಾಗ ಬಂದ್ ಬೀಳುತ್ತಿದೆಯಾ? ಪಂಪ್ ಬಿಚ್ಚಿಸುವ ಮೊದಲು ಟ್ಯಾಂಕ್ ನೋಡಿ

ಕಾರಟಗಿಯಿಂದ ಗಂಗಾವತಿಗೆ ಭತ್ತ ಹೊಡೆಯುವ ಗಾಡಿ ನನ್ನದು. ಹಳೇ ಪಿಕಪ್, ಮೆಕ್ಯಾನಿಕಲ್ ಡೀಸೆಲ್ ಪಂಪಿನದು. ಒಂದು ಸುಗ್ಗಿಯಲ್ಲಿ ಅದಕ್ಕೆ ತಲೆ ಕೆಡಿಸುವಂಥ ಕಾಯಿಲೆ ಹಿಡಿಯಿತು. ಮನೆ ಬಿಡುವಾಗ ಸರಿ ಇರುತ್ತಿತ್ತು. ಸಿದ್ದಾಪುರ ದಾಟಿದ ಮೇಲೆ ಎಳೆತ ಕಡಿಮೆಯಾಗಿ ಜರ್ಕ್ ಹೊಡೆಯುತ್ತಿತ್ತು. ಶ್ರೀರಾಮನಗರ ಬರುವಷ್ಟರಲ್ಲಿ ಬಂದ್. ಬಾನೆಟ್ ಎತ್ತಿ ಹತ್ತು ನಿಮಿಷ ನಿಂತರೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತಿತ್ತು.

ಗ್ಯಾರೇಜಿಗೆ ಒಯ್ದರೆ ಅಲ್ಲಿ ಕೆಡುವುದೇ ಇಲ್ಲ. ಫಿಲ್ಟರ್ ಬದಲಾಯಿಸಿದರು. ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿದರು. ಪಂಪ್ ಇಳಿಸಿ ಕ್ಯಾಲಿಬ್ರೇಷನ್ನಿಗೆ ಕಳಿಸಿದರು. ನಾಲ್ಕು ದಿನ ಸುಗ್ಗಿ ಬಾಡಿಗೆ ಹೋಯಿತು. ಐದನೇ ದಿನ ಲೋಡ್ ಸಮೇತ ಅದೇ ರಸ್ತೆಯಲ್ಲಿ ಮತ್ತೆ ಬಂದ್ ಬಿತ್ತು.

ಅವತ್ತಿನಿಂದ ನಾನೇ ಹುಡುಕಲು ಕೂತೆ. ಮೊದಲು ಮಾಡಿದ್ದು ಒಂದು ಸಣ್ಣ ನೋಟ್‌ಬುಕ್. ಬಂದ್ ಬಿದ್ದಾಗ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು, ಎಂಜಿನ್ ಕಾದಿತ್ತಾ, ಲೋಡ್ ಇತ್ತಾ, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು, ಇಷ್ಟನ್ನು ಬರೆದೆ. ನೀವೂ ಬರೆಯಿರಿ. ನಾಲ್ಕೈದು ಸಲ ಬರೆದ ಮೇಲೆ ನೋಡಿದರೆ ಗಾಡಿಯೇ ದಾರಿ ತೋರಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿ, ಒಳ್ಳೆ ಕಂಪ್ರೆಷನ್, ಸರಿಯಾದ ಹೊತ್ತಿಗೆ ಡೀಸೆಲ್, ಇಷ್ಟಿದ್ದರೆ ಓಡುತ್ತದೆ. ಸವೆದ ಪಿಸ್ಟನ್ ರಿಂಗ್ ಹತ್ತು ನಿಮಿಷ ನಿಂತರೆ ರಿಪೇರಿ ಆಗುವುದಿಲ್ಲ, ಅಲ್ವಾ? ಹಾಗಾಗಿ ಬಂದು ಹೋಗುವ ತೊಂದರೆ ಹೆಚ್ಚಾಗಿ ಡೀಸೆಲ್ ಬರುವ ದಾರಿಯದು, ಇಲ್ಲವೇ ವೈರಿನದು.

ಇವೆರಡನ್ನು ಬೇರೆ ಮಾಡಲು ಗಾಡಿ ಹೇಗೆ ಸಾಯುತ್ತದೆ ಅನ್ನುವುದನ್ನು ಗಮನಿಸಿ. ಕೀ ಆಫ್ ಮಾಡಿದ ಹಾಗೆ ಟಕ್ ಅಂತ ನಿಂತರೆ ಮೊದಲು ವೈರ್ ನೋಡಿ. ಪಂಪಿನ ಸ್ಟಾಪ್ ಸೊಲೆನಾಯ್ಡ್ (ಕರೆಂಟ್ ಇದ್ದರಷ್ಟೇ ಡೀಸೆಲ್ ಬಿಡುವ ವಾಲ್ವ್) ವೈರ್ ಸಡಿಲ ಇದ್ದರೂ ಸಾಕು, ಹಳ್ಳ ಸಿಕ್ಕಾಗ ಎಂಜಿನ್ ಆಫ್ ಆಗುತ್ತದೆ. ಐಡ್ಲಿಂಗಿನಲ್ಲಿ ಬಿಟ್ಟು, ಆ ವೈರನ್ನು, ಅದರ ಫ್ಯೂಸ್, ರಿಲೇಯನ್ನು ಕೈಯಿಂದ ಅಲುಗಿಸಿ ನೋಡಿ. ಬೆಲ್ಟಿಗೆ, ಫ್ಯಾನಿಗೆ ಕೈ, ಟವೆಲ್ ತಾಗದಂತೆ ಜೋಪಾನ. ಹಾಗಲ್ಲದೆ ನಡುಗಿ, ತೊದಲಿ, ಎಳೆದಾಡಿ ನಿಂತರೆ ಡೀಸೆಲ್ ಸಾಲುತ್ತಿಲ್ಲ ಅಂತಲೇ ಹಿಡಿಯಿರಿ. ನನ್ನದು ಈ ಎರಡನೇ ಥರ.

ಈಗ ಟ್ಯಾಂಕಿನಿಂದ ಶುರು ಮಾಡಿ. ಗಾಡಿ ಬಂದ್ ಬಿದ್ದ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಸರಿ ಓಡಿದರೆ ಮುಚ್ಚಳದಲ್ಲಿ ಗಾಳಿ ಆಡುವ ತೂತು ಕಟ್ಟಿದೆ ಅಂತ ಅರ್ಥ. ಭತ್ತದ ಧೂಳಲ್ಲಿ ಓಡುವ ಗಾಡಿಗೆ ಇದು ಆಗುತ್ತದೆ. ಮುಚ್ಚಳ ತೊಳೆದರೆ, ಇಲ್ಲ ಹೊಸದು ಹಾಕಿದರೆ ಮುಗಿಯಿತು.

ಆಮೇಲೆ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ, ಒಂದು ಲೋಟದಷ್ಟು ಗಾಜಿನ ಬಾಟಲಿಗೆ ಹಿಡಿಯಿರಿ. ರಾತ್ರಿ ಅಲುಗದ ಹಾಗೆ ಇಡಿ. ನೀರಿದ್ದರೆ ಬೆಳಿಗ್ಗೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಕಪ್ಪು ಲೋಳೆ ಬಂದರೆ ಟ್ಯಾಂಕ್ ತೊಳೆಸಬೇಕು, ಬರೀ ಫಿಲ್ಟರ್ ಬದಲಿಸಿದರೆ ಸಾಲದು. ಫಿಲ್ಟರ್ ಒಂದೇ ಕಟ್ಟಿದ್ದರೆ ಲೋಡಿನಲ್ಲಿ, ಏರಿನಲ್ಲಿ ಎಳೆತ ಸಾಯುತ್ತದೆ, ದಿನೇ ದಿನೇ ಜಾಸ್ತಿಯಾಗುತ್ತದೆ.

ಮುಂದಿನದು ಏರ್ ಹಿಡಿಯುವುದು. ಇದು ಬಹಳ ಜನರಿಗೆ ತಿಳಿಯದೆ ದುಡ್ಡು ಹೋಗುವ ಜಾಗ. ನನ್ನಂಥ ಗಾಡಿಯಲ್ಲಿ ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುತ್ತದೆ. ಆ ಪೈಪಿನಲ್ಲಿ ಕೂದಲಷ್ಟು ಸೀಳಿದ್ದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಹನಿ ಇಲ್ಲ, ಹಾಗಾಗಿ ಲೀಕ್ ಇಲ್ಲ ಅಂದುಕೊಳ್ಳುತ್ತೇವೆ. ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕಾಗುವುದು, ಐಡ್ಲಿಂಗ್ ಏರಿಳಿಯುವುದು ಇದರ ಗುರುತು. ಫಿಲ್ಟರಿಗೂ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಎಂಜಿನ್ ಓಡಿಸಿ ನೋಡಿ. ಸ್ಟಾರ್ಟ್ ಆದ ಹೊಸತರಲ್ಲಿ ಒಂದೆರಡು ಗುಳ್ಳೆ ಬರಬಹುದು. ಸಾಲಾಗಿ ಬರುತ್ತಲೇ ಇದ್ದರೆ ಟ್ಯಾಂಕಿನಿಂದ ಫಿಲ್ಟರ್‌ವರೆಗೆ ಪ್ರತಿ ಕ್ಲಿಪ್ ಬಿಚ್ಚಿ ರಬ್ಬರ್ ಬಗ್ಗಿಸಿ ನೋಡಿ. ಸೀಳು ಸಾಮಾನ್ಯವಾಗಿ ಕ್ಲಿಪ್ಪಿನ ಅಡಿಯಲ್ಲೇ ಅಡಗಿರುತ್ತದೆ. ಪೈಪ್ ಕೂರಿಸುವ ಬೋಲ್ಟಿನ ತಾಮ್ರದ ವಾಷರ್ ಹಳೇದನ್ನೇ ಮತ್ತೆ ಹಾಕಬೇಡಿ.

ನನ್ನ ಗಾಡಿಯಲ್ಲಿ ಗುಳ್ಳೆ ಇರಲಿಲ್ಲ. ಆದರೆ ಬಂದ್ ಬೀಳುವ ಮೊದಲು ಪೈಪಿನಲ್ಲಿ ಹರಿವು ನಿಧಾನವಾಯಿತು, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಪಂಪ್) ಒತ್ತಿದರೆ ತುಂಬಿಕೊಳ್ಳದೆ ಚಪ್ಪಟೆಯಾಗೇ ಉಳಿಯಿತು. ಅಂದರೆ ಹಿಂದೆ ಎಲ್ಲೋ ಅಡ್ಡ ಬಂದಿದೆ.

ಆಗ ಕ್ಯಾನ್ ಪರೀಕ್ಷೆ ಮಾಡಿದೆ. ಐದು ಲೀಟರ್ ಶುದ್ಧ ಡೀಸೆಲ್ ಇರುವ ಕ್ಯಾನನ್ನು ಸೈಲೆನ್ಸರಿನಿಂದ ದೂರ, ಅಲುಗದ ಹಾಗೆ ಕಟ್ಟಿ, ಫಿಲ್ಟರಿಗೆ ಹೋಗುವ ಪೈಪನ್ನು ಅದಕ್ಕೆ ಇಳಿಬಿಟ್ಟೆ. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ಲೆಲ್ಲ ಟ್ಯಾಂಕಿಗೆ ಹೋಗುತ್ತದೆ. ಮನೆ ಮುಂದೆಯೇ ನಿಲ್ಲಿಸಿ ರೇಸ್ ಏರಿಸಿ ಒಂದು ಗಂಟೆ ಓಡಿಸಿದೆ. ಒಂದು ಜರ್ಕ್ ಇಲ್ಲ. ಮತ್ತೆ ಟ್ಯಾಂಕಿಗೆ ಜೋಡಿಸಿದೆ, ಅರ್ಧ ಗಂಟೆಯೊಳಗೆ ಬಂದ್.

ಟ್ಯಾಂಕ್ ಇಳಿಸಿ, ಡೀಸೆಲ್ ಎಳೆಯುವ ಪೈಪ್ ಹೊರಗೆ ತೆಗೆದರೆ ಅದರ ಬಾಯಿಗೆ ಅಂಗೈ ಅಗಲದ ಪ್ಲಾಸ್ಟಿಕ್ ಚೂರು ಅಂಟಿತ್ತು. ನಮ್ಮ ಕಡೆ ಹೊಲಕ್ಕೆ ಕ್ಯಾನಿನಲ್ಲಿ ಡೀಸೆಲ್ ಒಯ್ಯುವಾಗ, ಚೆಲ್ಲಬಾರದು ಅಂತ ಬಾಯಿಗೆ ಕ್ಯಾರಿಬ್ಯಾಗ್ ಇಟ್ಟು ಮುಚ್ಚಳ ತಿರುವುತ್ತೇವಲ್ಲ, ಅದೇ ಹರಿದು ಒಳಗೆ ಬಿದ್ದಿತ್ತು. ಓಡುತ್ತಾ ಓಡುತ್ತಾ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತಿತ್ತು. ಎಂಜಿನ್ ನಿಂತು ಎಳೆತ ಹೋದಾಗ ತಾನೇ ಬಿಟ್ಟುಕೊಳ್ಳುತ್ತಿತ್ತು. ಆ ಹತ್ತು ನಿಮಿಷದ ಲೆಕ್ಕ ಅದು. ಕ್ಯಾನಿನಿಂದ ಹಾಕುವಾಗ ಜಾಳಿಗೆ ಇರುವ ಲಾಳಿಕೆ ಇಟ್ಟೇ ಹಾಕಿ.

ಎಲ್ಲ ಜೋಡಿಸಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಬಿಗಿ ಮಾಡಿ.

ಕಾಮನ್ ರೈಲ್ ಗಾಡಿ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಭಾರೀ ಒತ್ತಡದಿಂದ ಡೀಸೆಲ್ ಚಿಮ್ಮಿಸುವ ಹೊಸ ಥರದ ಗಾಡಿ ಇರುವವರಿಗೆ ಒಂದು ಮಾತು, ದಯವಿಟ್ಟು ಕೇಳಿ. ಹಳೇ ಗಾಡಿಯಲ್ಲಿ ಮಾಡುವ ಹಾಗೆ ಎಂಜಿನ್ ಓಡುವಾಗ ನಾಜಲ್ ಪೈಪ್ ಸಡಿಲಿಸಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟುತ್ತದೆ. ಚಿಮ್ಮುವ ಡೀಸೆಲ್ ಎಳೆ ಚರ್ಮ ತೂರಿ ಮೈಯೊಳಗೆ ಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಹೋಗಬಹುದು. ತಗುಲಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಇಂಥ ಗಾಡಿಗೆ ಮೊದಲು ಸ್ಕ್ಯಾನರ್ ಹಾಕಿಸಿ. ಕಾದಾಗ ಬಂದ್ ಬಿದ್ದು ಆರಿದ ಮೇಲೆ ಸ್ಟಾರ್ಟ್ ಆಗುತ್ತಿದ್ದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದೇ ಇದ್ದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವುದು) ನೋಡಲು ಹೇಳಿ.

ಇನ್ನೊಂದು. ಓಡುವಾಗ ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನಲ್ಲಿ ಒಂದೆರಡು ಒತ್ತಿಗಷ್ಟೇ ಬಲ ಉಳಿದಿರುತ್ತದೆ. ಬ್ರೇಕನ್ನು ಮತ್ತೆ ಮತ್ತೆ ಪಂಪ್ ಹೊಡೆಯಬೇಡಿ, ಒಂದೇ ಸಲ ಒತ್ತಿ ಹಿಡಿದು ಬದಿಗೆ ತನ್ನಿ.

ಇಷ್ಟೂ ನೋಡಿ ಏನೂ ಸಿಗದಿದ್ದರೆ ಆಗ ಪಂಪ್, ನಾಜಲ್ ಅಂಗಡಿಗೆ ಹೋಗಿ. ಜೊತೆಗೆ ಆ ನೋಟ್‌ಬುಕ್ ಒಯ್ಯಿರಿ. ನಾಜಲ್‌ಗಳನ್ನು ನಿಮ್ಮ ಎದುರಿಗೇ ಟೆಸ್ಟ್ ಮಾಡಿಸಿ, ಮಂಜಿನ ಹಾಗೆ ಚಿಮ್ಮಬೇಕು. ದಾರದ ಹಾಗೆ ಬಿದ್ದರೆ, ತುದಿಯಲ್ಲಿ ಹನಿ ನಿಂತರೆ ಆ ನಾಜಲ್ ಬದಲಿಸಿ.