ಬೊಜ್ಜಿನ ಮದ್ದು ಹುಡುಕುವಾಗ ಡಾಕಿಂಗ್ ಸ್ಕೋರ್ ಒಂದನ್ನೇ ನಂಬ್ಬೇಡಿ (ನನ್ನ ಅನುಭವ)

ಇಲ್ಲಿ ದೇರಳಕಟ್ಟೆ ಕಡೆ ಎಂ.ಫಾರ್ಮ್ ಮಾಡುವ ಮಕ್ಕಳು ಕೇಳ್ತಾ ಇರ್ತಾರೆ, ಬೊಜ್ಜಿಗೆ ಹೊಸ ಮದ್ದು ಕಂಪ್ಯೂಟರಲ್ಲಿ ಹುಡುಕುದು ಹೇಗೆ ಅಂತ. ನಾನು ಮಾಡಿದ ದಾರಿ ಹೇಳ್ತೇನೆ. ಡಾಕಿಂಗ್ ಅಂದ್ರೆ ಒಂದು ಮಾಲಿಕ್ಯೂಲ್ ಪ್ರೋಟೀನಿನಲ್ಲಿ ಹೇಗೆ, ಎಷ್ಟು ಗಟ್ಟಿಯಾಗಿ ಕೂರ್ತದೆ ಅಂತ ಕಂಪ್ಯೂಟರ್ ಅಂದಾಜು ಮಾಡಿ ಸ್ಕೋರ್ ಕೊಡುದು, ಅದಕ್ಕೆ ಸಾದಾ ಲ್ಯಾಪ್‌ಟಾಪ್ ಸಾಕು.

ಟಾರ್ಗೆಟ್ (ಮದ್ದು ಹೋಗಿ ತಡೆಯಬೇಕಾದ ಪ್ರೋಟೀನ್) ಪ್ಯಾಂಕ್ರಿಯಾಟಿಕ್ ಲೈಪೇಸ್, ತಿಂದ ಕೊಬ್ಬನ್ನು ಕರುಳಲ್ಲಿ ಒಡೆಯುವ ಎನ್‌ಜೈಮ್. ತೂಕ ಇಳಿಸುವ ಮದ್ದು ಸೆಮಾಗ್ಲುಟೈಡ್ ಹೆಸರು ಈಗ ಎಲ್ಲರ ಬಾಯಲ್ಲೂ ಉಂಟು, ಆದ್ರೆ ಅದು 31 ಅಮೈನೋ ಆಸಿಡಿನ ಉದ್ದ ಸರಪಳಿ (ಪೆಪ್ಟೈಡ್), ಗಿಡದ ಸಣ್ಣ ಮಾಲಿಕ್ಯೂಲ್ ಹಿಡ್ಕೊಂಡು ಆ ಕಡೆ ಹೋಗುದು ಕಷ್ಟ. ಮಿದುಳಿಗೆ ಹೋಗುವ ಮದ್ದೂ ನಂಗೆ ಬೇಡ ಅನ್ಸಿತು, ಅಂಥದ್ದೇ ಬೊಜ್ಜಿನ ಮದ್ದು ರಿಮೋನಬಂಟ್‌ನಿಂದ ಖಿನ್ನತೆ ಬರ್ತದೆ ಅಂತ 2008ರಲ್ಲಿ ಯುರೋಪಲ್ಲಿ ನಿಲ್ಲಿಸಿದ್ರಲ್ಲ.

ಪಿಡಿಬಿ ಅಂತ ಪ್ರೋಟೀನ್ ಸ್ಟ್ರಕ್ಚರ್‌ಗಳ ಡೇಟಾಬೇಸ್ ಉಂಟು, ಅಲ್ಲಿಂದ ಲೈಪೇಸಿನ 1ಎಲ್‌ಪಿಬಿ ಎಂಬ ಸ್ಟ್ರಕ್ಚರ್ ಇಳಿಸಿಕೊಂಡೆ. ಲೈಪೇಸಿಗೆ ಒಂದು ಮುಚ್ಚಳ ಉಂಟು, ಅದು ಮುಚ್ಚಿದ ಸ್ಟ್ರಕ್ಚರ್ ತಕ್ಕೊಂಡ್ರೆ ಒಳಗೆ ಹೋಗ್ಲಿಕ್ಕೆ ಜಾಗವೇ ಇಲ್ಲ, ಇದ್ರಲ್ಲಿ ತೆರೆದುಂಟು. ನೀರು ತೆಗ್ದು, ಹೈಡ್ರೋಜನ್ ಸೇರಿಸಿ, ಎನ್‌ಜೈಮಿನ ಕೆಲಸ ನಡೆಯುವ ಜಾಗದಲ್ಲಿರುವ ಸೆರಿನ್ 152 (152ನೇ ಅಮೈನೋ ಆಸಿಡ್) ಸುತ್ತ ಹುಡುಕುವ ಬಾಕ್ಸ್ ಇಟ್ಟು, ಪುನರ್ಪುಳಿಯ ಗಾರ್ಸಿನಾಲ್‌ನಿಂದ ಹಿಡಿದು ನಮ್ಮೂರ ಗಿಡಗಳ ಕಾಂಪೌಂಡ್ ಎಲ್ಲ ಆಟೋಡಾಕ್ ವಿನಾ ಎಂಬ ಡಾಕಿಂಗ್ ಪ್ರೋಗ್ರಾಮಿಗೆ ಕೊಟ್ಟೆ. (ತೂಕ ಇಳಿಸ್ತದೆ ಅಂತ ಮಾರುವ ಪುನರ್ಪುಳಿ ಆಸಿಡ್ ಬೇರೆ, ಅದರ ಟಾರ್ಗೆಟ್ ಎಟಿಪಿ ಸಿಟ್ರೇಟ್ ಲೈಯೇಸ್ ಅಂತ ಬೇರೆಯೇ ಎನ್‌ಜೈಮ್.)

ಈಗ ಮುಖ್ಯ ವಿಷಯ. ಮಾಲಿಕ್ಯೂಲ್ ದೊಡ್ಡದಾದಷ್ಟು ವಿನಾ ಸ್ಕೋರ್ ಚೆನ್ನಾಗಿ ಬರ್ತದೆ, ಹಾಗಾಗಿ ಟ್ಯಾನಿನ್‌ನಂಥ ದೊಡ್ಡ ಮಾಲಿಕ್ಯೂಲ್‌ಗಳೇ ಮೇಲೆ ಕೂತ್ಕೊಳ್ತವೆ. ಇದೇ ಲೈಪೇಸನ್ನು ತಡೆಯುವ, ಮಾರ್ಕೆಟಲ್ಲಿರುವ ಮದ್ದು ಓರ್ಲಿಸ್ಟಾಟ್ ನೋಡಿದ್ರೆ ಕೆಳಗೆ! ಯಾಕಂದ್ರೆ ಅದು ಸೆರಿನ್ 152ಕ್ಕೆ ಕೋವೇಲೆಂಟ್ ಬಾಂಡ್ (ಗಟ್ಟಿ ರಾಸಾಯನಿಕ ಕೊಂಡಿ) ಹಾಕಿ ಕೂರ್ತದೆ, ವಿನಾ ಆ ಬಾಂಡನ್ನು ಲೆಕ್ಕಕ್ಕೇ ತಕ್ಕೊಳ್ಳುದಿಲ್ಲ. ಹೀಗಿರುವಾಗ "ನನ್ನ ಕಾಂಪೌಂಡ್ ಓರ್ಲಿಸ್ಟಾಟಿಗಿಂತ ಒಳ್ಳೇದು" ಅಂತ ಥೀಸಿಸಲ್ಲಿ ದಯವಿಟ್ಟು ಬರೀಬೇಡಿ. ನಾನು ಸ್ಕೋರನ್ನು ಹೆವಿ ಆಟಮ್ (ಹೈಡ್ರೋಜನ್ ಬಿಟ್ಟು ಉಳಿದ ಆಟಮ್) ಸಂಖ್ಯೆಯಿಂದ ಭಾಗಿಸಿ, ಆಮೇಲೆ ಒಂದೊಂದೇ ಪೋಸ್ (ಮಾಲಿಕ್ಯೂಲ್ ಕೂತ ಭಂಗಿ) ತೆರೆದು ಸೆರಿನ್ 152, ಅದರ ಜೊತೆಗೆ ಕೆಲಸ ಮಾಡುವ ಹಿಸ್ಟಿಡಿನ್ 263 ಹತ್ರ ನಿಜವಾಗಿ ಕೂತಿದೆಯಾ, ಇಲ್ಲ ಹೊರಗೆ ಎಲ್ಲೋ ಅಂಟಿದೆಯಾ ಅಂತ ಕಣ್ಣಲ್ಲೇ ನೋಡ್ತೇನೆ, ಬೇಜಾರಿನ ಕೆಲಸ ಆದ್ರೂ ಬಿಡ್ಲಿಕ್ಕಾಗುದಿಲ್ಲ.

ಮದ್ದು ಮೈಯಲ್ಲಿ ಹೇಗೆ ನಡೀತದೆ ಅಂತ ಅಂದಾಜು ಕೊಡುವ ಸ್ವಿಸ್‌ಆಡ್ಮಿ ವೆಬ್‌ಸೈಟಲ್ಲಿ ಹೀರುವಿಕೆ 'ಲೋ' ಬಂತು ಅಂತ ಬಿಸಾಡ್ಬೇಡಿ, ಈ ಮದ್ದಿಗೆ ರಕ್ತಕ್ಕೆ ಹೋಗುವ ಕೆಲಸವೇ ಇಲ್ಲ.

ಉಳಿದ ಕಾಂಪೌಂಡ್‌ಗಳಿಗೆ ಗ್ರೋಮ್ಯಾಕ್ಸ್, ಅಂದ್ರೆ ಪ್ರೋಟೀನ್ ಅಲುಗಾಡುವಾಗಲೂ ಮಾಲಿಕ್ಯೂಲ್ ಕೂತಲ್ಲೇ ಇರ್ತದಾ ಅಂತ ನೋಡುವ, ತುಂಬಾ ಹೊತ್ತು ಓಡುವ ಸಿಮ್ಯುಲೇಶನ್ ಪ್ರೋಗ್ರಾಮ್. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗ್ತದೆ ಹೇಳ್ಲಿಕ್ಕಾಗುದಿಲ್ಲ, ಚೆಕ್‌ಪಾಯಿಂಟ್ ಫೈಲ್ ಇದ್ರೆ ನಿಂತಲ್ಲಿಂದಲೇ ಮುಂದುವರಿಸ್ಬಹುದು.

ಕೊನೆಗೆ ಲ್ಯಾಬ್, ಹಂದಿಯ ಲೈಪೇಸಿಗೆ ಅದು ಒಡೆದಾಗ ಹಳದಿ ಬಣ್ಣ ಬಿಡುವ ಪದಾರ್ಥ ಕೊಟ್ಟು, ಕಾಂಪೌಂಡ್ ಹಾಕಿದ್ರೆ 405 ನ್ಯಾನೋಮೀಟರಲ್ಲಿ ಹಳದಿ ಬಣ್ಣ ಎಷ್ಟು ಕಡಿಮೆಯಾಯ್ತು ಅಂತ ನೋಡುದು. ಅದೇ ಕಾಂಪೌಂಡನ್ನು ಸಂಬಂಧ ಇಲ್ಲದ ಇನ್ನೊಂದು ಎನ್‌ಜೈಮಿಗೂ ಹಾಕಿ ನೋಡಿ, ಅದನ್ನೂ ನಿಲ್ಲಿಸಿದ್ರೆ ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುವ ಜಾತಿ ಇರ್ಬಹುದು, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ.