ಕೇಸ್ ಹಾಕುವ ಮೊದಲು ನಾನು ಕೇಳುವ ಪ್ರಶ್ನೆಗಳು

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೋರ್ಟಿನಲ್ಲಿ ನಾನು ಸಿವಿಲ್ ಕೇಸ್ ನಡೆಸುತ್ತೇನೆ. ಬರುವವರು ಕುರ್ಚಿ ಎಳೆದು ಕೂರುವ ಮೊದಲೇ "ಒಂದು ಸ್ಟೇ ತಂದುಕೊಡಿ ಸಾರ್" ಅನ್ನುತ್ತಾರೆ. ಜಮೀನಿನ ಗಲಾಟೆಗೂ ಸ್ಟೇ, ಸಾಲಕ್ಕೂ ಸ್ಟೇ, ಅಣ್ಣತಮ್ಮಂದಿರ ಭಾಗಕ್ಕೂ ಸ್ಟೇ. ಆದರೆ ತಕರಾರು ಯಾವ ಥರದ್ದು ಅನ್ನುವುದರ ಮೇಲೆ ಏನು ಕೇಳಬೇಕು, ಎಲ್ಲಿ ಕೇಳಬೇಕು, ಎಷ್ಟು ಶುಲ್ಕ ಕಟ್ಟಬೇಕು ಎಲ್ಲವೂ ಬೇರೆಯಾಗುತ್ತದೆ. ಹಾಗಾಗಿ ಮೊದಲ ಸಲ ಬಂದಾಗ ನಾನು ವಕಾಲತ್ತಿಗೆ (ಕೇಸ್ ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಸಹಿ ಹಾಕಿಸಿಕೊಳ್ಳುವುದಿಲ್ಲ. ಪಹಣಿ, ಕ್ರಯಪತ್ರ ನೋಡುತ್ತೇನೆ, ಪ್ರಶ್ನೆ ಕೇಳುತ್ತೇನೆ.

ನಮ್ಮಲ್ಲಿ ಜಾಸ್ತಿ ಬರುವುದು ಬದುವಿನ ಜಗಳ. ಒಬ್ಬ ರೈತರು ಬಂದಿದ್ದರು. ಪಕ್ಕದ ಜಮೀನಿನವರು ಬದು ಒಡೆದು ಮೂರು ಗುಂಟೆ ಒತ್ತಿಕೊಂಡಿದ್ದಾರೆ ಅನ್ನುವುದು ಅವರ ದೂರು.

"ಈಗ ಆ ಮೂರು ಗುಂಟೇಲಿ ಇರೋ ರಾಗಿ ಯಾರದ್ದು ಗೌಡ್ರೆ?"

"ಅವರದ್ದೇ ಸ್ವಾಮಿ. ಹೋದ ವರ್ಷವೇ ಟ್ರಾಕ್ಟರ್ ತಂದು ಉತ್ತುಬುಟ್ರು."

ಆ ಉತ್ತರ ಕೇಳಿದ ಮೇಲೆ ಬರೀ ಇಂಜಂಕ್ಷನ್ (ನಿರ್ಬಂಧಕಾಜ್ಞೆ) ದಾವೆ ಹಾಕಿ ಪ್ರಯೋಜನವಿಲ್ಲ. 'ನನ್ನ ಸ್ವಾಧೀನಕ್ಕೆ ತೊಂದರೆ ಕೊಡಬಾರದು' ಅಂತ ಕೇಳಬೇಕಾದರೆ ದಾವೆ ಹಾಕಿದ ದಿನ ಸ್ವಾಧೀನ ನಮ್ಮ ಕೈಯಲ್ಲಿರಬೇಕು. ಅದು ಹೋಗಿದ್ದರೆ ಸ್ವಾಧೀನ ವಾಪಸ್ ಕೊಡಿಸಿ ಅಂತ ಕೇಳಬೇಕು. ಎದುರಿನವರು ನಮ್ಮ ಹಕ್ಕನ್ನೇ ಪ್ರಶ್ನಿಸುವ ಕಾಗದ ತೋರಿಸುತ್ತಿದ್ದರೆ ಹಕ್ಕು ಘೋಷಣೆಯನ್ನೂ ಸೇರಿಸಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಅನಾತುಲ ಸುಧಾಕರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಆದರೂ ಬರೀ ಇಂಜಂಕ್ಷನ್ ಕೇಳಿ ವರ್ಷಗಟ್ಟಲೆ ನಡೆದು ಕೊನೆಗೆ ವಜಾ ಆಗುವ ದಾವೆಗಳು ಇನ್ನೂ ಇವೆ. ಶುಲ್ಕ ಕಡಿಮೆ ಅಂತ ಹಾಕಿರುತ್ತಾರೆ, ಅಷ್ಟೆ.

ಜಮೀನಿನಿಂದ ಬಲವಂತವಾಗಿ ಹೊರಹಾಕಿ ಆರು ತಿಂಗಳು ಆಗಿರದಿದ್ದರೆ ಇನ್ನೊಂದು ದಾರಿ ಇದೆ. ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಹಕ್ಕು ಯಾರದ್ದು ಅನ್ನುವ ಚರ್ಚೆಗೇ ಹೋಗದೆ ಸ್ವಾಧೀನ ಕೇಳಬಹುದು. ಗೌಡರ ವಿಷಯದಲ್ಲಿ ಆ ಅವಧಿ ದಾಟಿತ್ತು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು 12 ವರ್ಷ ಅವಕಾಶ ಇರುವುದರಿಂದ ಹಾಗೇ ಹೋದೆವು. ಅದಕ್ಕೂ ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆ ಇಲಾಖೆಯಿಂದ ಗಡಿ ಅಳೆಸಿ ಗುರುತಿಸುವುದಕ್ಕೆ, ಅರ್ಜಿ ಹಾಕಿಸಿದೆ. ಸರ್ವೆ ನಕ್ಷೆ ಇಲ್ಲದೆ 'ಮೂರು ಗುಂಟೆ ಒತ್ತಿದ್ದಾರೆ' ಅಂತ ಬರೆದರೆ ಆ ಮೂರು ಗುಂಟೆಗೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಏನು ಅಂತ ಹೇಳುವುದು?

ಎದುರಿನವರು ಆ ನಕ್ಷೆಯನ್ನು ಒಪ್ಪಲಿಲ್ಲ. ಅರ್ಜಿ ಹಾಕಿ ಕೋರ್ಟ್ ಕಮಿಷನರ್ (ಕೋರ್ಟಿನ ಪರವಾಗಿ ಸ್ಥಳಕ್ಕೆ ಹೋಗಿ ವರದಿ ಕೊಡುವವರು) ಆಗಿ ತಾಲ್ಲೂಕು ಸರ್ವೇಯರ್ ನೇಮಕವಾಗುವಂತೆ ಕೇಳಿದೆವು. ಗಡಿ ಎಲ್ಲಿ, ಒತ್ತುವರಿ ಎಷ್ಟು ಅಂತ ಅಳೆಯಲು ಕೋರ್ಟ್ ಕಮಿಷನರನ್ನು ಕಳಿಸುತ್ತದೆ. ಸ್ವಾಧೀನ ಯಾರದ್ದು ಅಂತ ನೋಡಿಕೊಂಡು ಬರಲು ಸಾಮಾನ್ಯವಾಗಿ ಕಳಿಸುವುದಿಲ್ಲ. ಅದನ್ನು ಸಾಕ್ಷಿ ಹೇಳಿಸಿ ನಾವೇ ರುಜುವಾತು ಮಾಡಬೇಕು. ಅಳತೆಯ ದಿನ ನಾನೂ ಹೊಲಕ್ಕೆ ಹೋಗಿದ್ದೆ. ಮೂಲ ಟಿಪ್ಪಣಿ (ಹಳೇ ಸರ್ವೆಯ ಅಳತೆ ದಾಖಲೆ) ಹಿಡಿದು ಗಡಿ ಕಲ್ಲು ಹುಡುಕಿದರೆ ಒಂದು ಹೊಂಗೆ ಮರದ ಬುಡದಲ್ಲಿ ಹೂತುಹೋಗಿತ್ತು, ಇನ್ನೊಂದು ಇರಲೇ ಇಲ್ಲ. ಸರ್ವೇಯರ್ ಆಚೆ ಸರ್ವೆ ನಂಬರಿನ ಕಲ್ಲಿನಿಂದ ಅಳೆದುಕೊಂಡು ಬಂದರು. ಒತ್ತುವರಿ ನಿಜವಾಗಿಯೂ ಇತ್ತು, ಆದರೆ ಮೂರಲ್ಲ, ಒಂದೂಮುಕ್ಕಾಲು ಗುಂಟೆ. ಗೌಡರ ಮುಖ ಸಪ್ಪಗಾಯಿತು. ನನಗೆ ಸಮಾಧಾನ ಆಯಿತು, ಯಾಕೆಂದರೆ ಕೋರ್ಟ್ ನಂಬುವ ಅಂಕಿ ಸಿಕ್ಕಿತ್ತು. ಆಮೇಲೆ ಪಾಟೀಸವಾಲಿನಲ್ಲಿ (ಸಾಕ್ಷಿಯನ್ನು ಎದುರು ಪಕ್ಷ ಪ್ರಶ್ನಿಸುವುದು) ಎದುರು ವಕೀಲರು ಸರ್ವೇಯರನ್ನು ಕೇಳಿದ್ದು ಇದೇ: ಯಾವ ಕಲ್ಲಿನಿಂದ ಶುರು ಮಾಡಿದಿರಿ, ಅಕ್ಕಪಕ್ಕದವರಿಗೆಲ್ಲ ನೋಟಿಸ್ ಕೊಟ್ಟಿದ್ದಿರಾ? ಎರಡಕ್ಕೂ ವರದಿಯಲ್ಲೇ ಉತ್ತರ ಇತ್ತು. ಒಂದೂಮುಕ್ಕಾಲು ಗುಂಟೆಗೆ ಡಿಕ್ರಿ (ತೀರ್ಪಿನ ಆದೇಶ) ಆಯಿತು.

ಭಾಗದ ದಾವೆಯ ರೀತಿಯೇ ಬೇರೆ. ಅಲ್ಲಿ ಎಲ್ಲ ಪಾಲುದಾರರೂ ಇರಬೇಕು, ಎಲ್ಲ ಆಸ್ತಿಯೂ ಇರಬೇಕು. ಒಬ್ಬ ಅಕ್ಕನನ್ನು ಬಿಟ್ಟರೆ, ಪೇಟೆಯ ಒಂದು ಸೈಟು ಬಿಟ್ಟರೆ, ಎದುರಿನವರು ಅದನ್ನೇ ಹಿಡಿದು ಕೂರುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು ಬಂದು "ಅಪ್ಪ ತೀರಿಕೊಂಡು ಬಹಳ ವರ್ಷ ಆಯ್ತಲ್ಲ, ನಂಗೆ ಬರುತ್ತಾ?" ಅಂತ ಕೇಳುತ್ತಾರೆ. ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮ ತೀರ್ಪಿನ ಮೇಲೆ ಈ ಉತ್ತರ ಸುಲಭವಾಗಿದೆ. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದಾಗ ಅಪ್ಪ ಬದುಕಿರಲೇಬೇಕು ಅಂತಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರ ಆಗಿದ್ದರೆ ಅದನ್ನು ಕದಲಿಸುವುದಕ್ಕಾಗದು. ಅದಕ್ಕೇ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹಳೇ ಇಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳ ಋಣಭಾರ ಪತ್ರ) ತರಿಸದೆ ನಾನು ದಾವೆ ಬರೆಯುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವ ಹೆಣ್ಣುಮಕ್ಕಳನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸುತ್ತೇನೆ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಜನಕ್ಕೆ ಗೊತ್ತಿರದ ಇನ್ನೊಂದು ವಿಷಯ: ಭಾಗದ ದಾವೆ ಒಂದೇ ಡಿಕ್ರಿಗೆ ಮುಗಿಯುವುದಿಲ್ಲ. ಮೊದಲ ಡಿಕ್ರಿ ಮೂರನೇ ಒಂದು, ನಾಲ್ಕನೇ ಒಂದು ಅಂತ ಪಾಲನ್ನು ಮಾತ್ರ ಹೇಳುತ್ತದೆ. ಹೊಲದಲ್ಲಿ ಗೆರೆ ಎಳೆಯುವುದು ಆಮೇಲೆ. ಕಂದಾಯದ ಜಮೀನಾದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 54ನೇ ಕಲಂ ಪ್ರಕಾರ ಆ ಕೆಲಸ ಜಿಲ್ಲಾಧಿಕಾರಿಗೆ ಹೋಗಿ, ಅಲ್ಲಿಂದ ತಹಸೀಲ್ದಾರರಿಗೆ, ಸರ್ವೇಯರಿಗೆ ಇಳಿಯುತ್ತದೆ. ಈ ನಡುವೆ ಕಡತ ಎಲ್ಲಿದೆ ಅಂತ ಹುಡುಕುವುದೇ ನನ್ನ ಗುಮಾಸ್ತರ ಕೆಲಸ. ಹಾಗಾಗಿ ಭಾಗದ ಕೇಸನ್ನು ಆದಷ್ಟು ಮಧ್ಯಸ್ಥಿಕೆಗೆ, ಲೋಕ ಅದಾಲತ್ತಿಗೆ ಒಯ್ಯುತ್ತೇನೆ. ನಕ್ಷೆ ಸಮೇತ ರಾಜಿ ಆದರೆ ಅಲ್ಲೇ ಗೆರೆ ಬೀಳುತ್ತದೆ. ಲೋಕ ಅದಾಲತ್ತಿನ ಅವಾರ್ಡಿಗೆ ಅಪೀಲೂ ಇಲ್ಲ, ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ.

ಸಾಲ ವಸೂಲಿ ದಾವೆಯಲ್ಲಿ ನೋಡುವುದು ತಾರೀಖು. ಕೈಸಾಲಕ್ಕೆ, ಪ್ರೋನೋಟಿಗೆ (ಸಾಲ ತೀರಿಸುವುದಾಗಿ ಬರೆದುಕೊಟ್ಟ ಪತ್ರ) ದಾವೆ ಹಾಕಲು ಮೂರು ವರ್ಷ. ಆ ಮೂರು ವರ್ಷದೊಳಗೆ ಸಾಲಗಾರ ಬಾಕಿ ಒಪ್ಪಿ ಬರೆದು ಸಹಿ ಹಾಕಿದ್ದರೆ ಅಲ್ಲಿಂದ ಲೆಕ್ಕ ಹೊಸದಾಗಿ ಶುರು. ಚೆಕ್ ಬೌನ್ಸ್ ಆಗಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ದಾರಿಯೂ ಇದೆ, ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗಬೇಕು. ಮೂರು ಲಕ್ಷಕ್ಕೂ ಮೇಲಿನ ವ್ಯಾಪಾರದ ತಕರಾರು ವಾಣಿಜ್ಯ ನ್ಯಾಯಾಲಯಕ್ಕೆ ಸೇರಿದ್ದು. ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮೊದಲೇ ಮಧ್ಯಸ್ಥಿಕೆ ಕಡ್ಡಾಯ. ಅಪಘಾತ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿ, ಕೆಟ್ಟ ಫ್ರಿಜ್ಜಿಗೆ ಗ್ರಾಹಕರ ಆಯೋಗ. ಇವನ್ನು ಸಿವಿಲ್ ದಾವೆ ಮಾಡಿಕೊಂಡು ಸುಮ್ನೆ ಕಾಲ ಕಳೆಯಬೇಡಿ.

ಗೆದ್ದ ಮೇಲೂ ಕೆಲಸ ಇರುತ್ತದೆ. ಗೌಡರ ಡಿಕ್ರಿ ಆದ ಮೇಲೆ ಎದುರಿನವರು ಜಾಗ ಬಿಡಲಿಲ್ಲ, ಡಿಕ್ರಿ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಿದೆವು. ಸ್ವಾಧೀನದ ಡಿಕ್ರಿಗೆ 12 ವರ್ಷ ಇದ್ದರೂ ನಾನು ಕಾಯುವುದಿಲ್ಲ. ಜೊತೆಗೆ ಅಪೀಲು ಕೋರ್ಟಿನಲ್ಲಿ ಕೇವಿಯಟ್ (ನಮ್ಮನ್ನೂ ಕೇಳಿ ಅನ್ನುವ ಮುನ್ನೆಚ್ಚರಿಕೆ ಅರ್ಜಿ) ಹಾಕಿದ್ದೆ. ನಮಗೆ ತಿಳಿಸದೆ ಅವರಿಗೆ ಆದೇಶ ಸಿಗಬಾರದಲ್ವಾ? ಕೇವಿಯಟ್ ನಡೆಯುವುದು 90 ದಿನ, ಅಷ್ಟರೊಳಗೆ ಅಪೀಲು ಬರದಿದ್ದರೆ ಮತ್ತೆ ಹೊಸದು ಹಾಕಬೇಕು. ನಾವು ಹಾಕಿದೆವು.